ಹಗ್ಗದ ಒಳಗೆ ಮೊಟ್ಟೆಯಿಟ್ಟ ಆಮೆ

ಆ ವರ್ಷ ಪೊಲೀಸರು ನಮ್ಮೂರಿನ ಕಡಲತೀರಕ್ಕೆ ಹಗ್ಗ ಕಟ್ಟಿದರು. ತೆಂಕಕೇರಿಯ ಕೊನೆಯ ತೆಂಗಿನ ಮರದಿಂದ ಬಡಗಕೇರಿಯ ಮೊದಲ ದೋಣಿಚಪ್ಪರದ ತನಕ ಗೂಟ ನೆಟ್ಟು, ನೀಲಿ ನೈಲಾನ್ ಹಗ್ಗ ಬಿಗಿದು, ನಡುವಿನ ಮರಳಿಗೆ, ನಮ್ಮ ಮಾತಿನ ಹೊಯ್ಗೆಗೆ, ಯಾರೂ ಕಾಲಿಡಬಾರದು ಎಂದರು. ಆ ಹಗ್ಗವೂ ನಮ್ಮೂರಿನದೇ. ಯಾವುದೋ ದೋಣಿಯವರಿಂದ ಕೇಳಿ ತಂದದ್ದು.

ನಮ್ಮೂರು ಮರವಂತೆ ದಾಟಿ ಬೈಂದೂರಿನ ಕಡೆ ಹೋಗುವಾಗ ಸಿಗುತ್ತದೆ. ಹೆದ್ದಾರಿಯಿಂದ ಇಳಿದರೆ ಕೇರಿ, ಕೇರಿ ಮುಗಿದರೆ ಕಡಲು. ನಾನು ಹುಟ್ಟಿದ್ದು ಬಡಗಕೇರಿಯಲ್ಲಿ, ಮದುವೆಯಾಗಿ ಬಂದದ್ದು ತೆಂಕಕೇರಿಗೆ. ಹೊಯ್ಗೆಯ ಮೇಲೆ ನಡೆದರೆ ತವರು ಅಷ್ಟು ಹತ್ತಿರ. ಒಲೆಯ ಮೇಲೆ ಅನ್ನಕ್ಕೆ ಇಟ್ಟು, ಅಬ್ಬೆಯನ್ನು ಮಾತನಾಡಿಸಿ, ತಿರುಗಿ ಬಂದು ಗಂಜಿ ಬಸಿದದ್ದು ಎಷ್ಟು ಸಲವೋ. ಅಬ್ಬೆ ತೀರಿಹೋದ ಮೇಲೂ ಅಣ್ಣ ಇದ್ದ, ಅತ್ತಿಗೆ ಇದ್ದಳು. ಅತ್ತಿಗೆ ನನ್ನ ಜೊತೆಗೇ ಶಾಲೆಗೆ ಹೋದವಳು.

ಜಗಳ ಕಲ್ಲಿನದು. ಮಳೆಗಾಲ ಬಂದರೆ ಕಡಲು ತೆಂಕಕೇರಿಯನ್ನು ಕೊರೆಯುತ್ತದೆ. ನಾನು ಮದುವೆಯಾಗಿ ಬಂದಾಗ ಮನೆಯ ಹಿಂದೆ ತೆಂಗಿನ ಸಾಲು, ಅದರಾಚೆ ಬಾವಿ, ಬಾವಿಯಾಚೆ ಬಲೆ ಹರಡುವಷ್ಟು ಬಯಲು ಇತ್ತು. ಬಯಲು ಹೋಯಿತು, ಬಾವಿ ಹೋಯಿತು, ತೆಂಗು ಒಂದೊಂದಾಗಿ ಮಗುಚಿ ಬಿದ್ದವು. ಜಗಳದ ಹಿಂದಿನ ಮಳೆಗಾಲದಲ್ಲಿ ನಮ್ಮ ಅಡುಗೆಕೋಣೆಯ ಹಿಂಗೋಡೆ ಮೇಲಿಂದ ಕೆಳಗಿನ ತನಕ ಬಿರುಕು ಬಿಟ್ಟಿತು. ತೆಂಕಕೇರಿಯವರು ಕಲ್ಲಿನ ತಡೆಗೋಡೆ ಬೇಕೆಂದು ಪಟ್ಟು ಹಿಡಿದರು. ಬಡಗಕೇರಿಯವರಿಗೆ ನಾಡದೋಣಿಗಳೇ ಜೀವನ. ನಡುವಿನ ಹೊಯ್ಗೆಗೂ ಕಲ್ಲು ಬಿದ್ದರೆ ದೋಣಿ ಎಳೆಯುವುದೆಲ್ಲಿ, ಕಲ್ಲಿಗೆ ಬಡಿದ ಕಡಲು ತಿರುಗಿ ನಮ್ಮನ್ನೇ ತಿನ್ನುತ್ತದೆ ಎಂದು ಅವರು. ಇಬ್ಬರ ಮಾತೂ ಸುಳ್ಳಲ್ಲ. ಅದಕ್ಕೇ ಜಗಳ ಮುಗಿಯಲಿಲ್ಲ.

ಮೊದಲ ಸಲ ಬೈದಾಡಿ ಮುಗಿಸಿದರು. ಎರಡನೆಯ ಸಲ ದೋಣಿಯ ಹುಟ್ಟು, ದೊಣ್ಣೆ ಎತ್ತಿದರು. ಆ ಸಂಜೆ ನನ್ನ ಗಂಡ ತಲೆಗೆ ಹೊಲಿಗೆ ಹಾಕಿಸಿಕೊಂಡು ಕುಂದಾಪುರದ ಆಸ್ಪತ್ರೆಯಿಂದ ಬಂದರು. ನನ್ನ ಅಣ್ಣನ ಕೈ ಮುರಿದಿದೆ ಎಂಬ ಸುದ್ದಿಯೂ ಬಂತು. ಯಾರು ಯಾರಿಗೆ ಹೊಡೆದರೆಂದು ನಾನು ಕೇಳಲಿಲ್ಲ. ಈಗಲೂ ಕೇಳಿಲ್ಲ. ಎರಡೂ ಕೇರಿಯವರ ಮೇಲೆ ಕೇಸಾಯಿತು, ನಿಷೇಧಾಜ್ಞೆ ಬಂತು. ಹಗ್ಗ ಕಟ್ಟಿದರು. ಹಗ್ಗದ ಬದಿಯಲ್ಲಿ ಒಂದು ಪೊಲೀಸ್ ಚಪ್ಪರ, ಅದರ ತಲೆಯ ಮೇಲೆ ಹೈಮಾಸ್ಟ್ ದೀಪ. ಆ ದೀಪಕ್ಕೆ ಕರೆಂಟು ಬರುತ್ತಿದ್ದದ್ದು ತೆಂಕಕೇರಿಯ ಕಂಬದಿಂದ.

ನಾನು ಒಣಮೀನಿನ ವ್ಯಾಪಾರದವಳು. ಗಂಗೊಳ್ಳಿ ಬಂದರಿನಿಂದ ಸಿಗಡಿ, ನಂಗು ಮೀನು ತಂದು ಹೊಯ್ಗೆಯ ಮೇಲೆ ಒಣಗಿಸಿ ಸಂತೆಗೆ ಒಯ್ಯುತ್ತಿದ್ದೆ. ನಾನು ಮೀನು ಹರಡುತ್ತಿದ್ದ ಜಾಗ ಸರಿಯಾಗಿ ಹಗ್ಗದ ಒಳಗೆ ಸೇರಿಹೋಯಿತು. ನನ್ನ ಒಂದು ಟಾರ್ಪಾಲು, ನಾಲ್ಕು ಬಿದಿರಿನ ತಟ್ಟಿ ಅಲ್ಲೇ ಉಳಿದವು. ಅವನ್ನು ತರಲೆಂದು ಒಂದು ಬೆಳಿಗ್ಗೆ ಹಗ್ಗದ ಅಡಿಯಿಂದ ನುಗ್ಗಿದೆ. ಜನವರಿ ಮುಗಿಯುತ್ತಿದ್ದ ಹೊತ್ತು, ಹೊಯ್ಗೆ ಇನ್ನೂ ತಣ್ಣಗಿತ್ತು.

ತಟ್ಟಿ ಎತ್ತಿಕೊಂಡು ತಿರುಗಿದಾಗ ಗುರುತು ಕಂಡಿತು. ನೀರಿನಿಂದ ಮೇಲಕ್ಕೆ, ಟ್ರ್ಯಾಕ್ಟರಿನ ಚಕ್ರ ಹೋದ ಹಾಗೆ ಅಗಲವಾದ ಒಂದು ಗೆರೆ. ನೇರಳೆ ಹೂವಿನ ಬಳ್ಳಿಯ ಹತ್ತಿರ ಬಂದು, ಅಲ್ಲಿ ಹೊಯ್ಗೆ ಕೆದರಿ, ಮತ್ತೆ ತಟ್ಟಿ ಸಮಮಾಡಿ, ಬೇರೆ ದಾರಿಯಲ್ಲಿ ನೀರಿಗೆ ಇಳಿದುಹೋಗಿತ್ತು. ಕಡಲಾಮೆ. ಚಿಕ್ಕವಳಿದ್ದಾಗ ಎಷ್ಟೋ ನೋಡಿದ್ದೆ. ದೊಡ್ಡವಳಾದ ಮೇಲೆ ಇಲ್ಲವೇ ಇಲ್ಲ. ಇಡೀ ಕರಾವಳಿ ಬಿಟ್ಟು, ಮನುಷ್ಯರು ಕಾಲಿಡಬಾರದೆಂದ ಜಾಗವನ್ನೇ ಹುಡುಕಿ ಬಂದಿದೆಯಲ್ಲ ಎಂದು ನಗು ಬಂತು. ಯೋಚಿಸಿದರೆ ಅದರದ್ದೇ ಸರಿ. ಬೈಕು ಓಡಿಸುವವರು, ಟಾರ್ಚು ಹಿಡಿದು ಓಡಾಡುವವರು ಯಾರೂ ಇಲ್ಲದ ಹೊಯ್ಗೆ ನಮ್ಮ ಕಡೆ ಆಗ ಅದೊಂದೇ ಇದ್ದದ್ದು.

"ಅಮ್ಮಾರ, ಒಳಗ ಹೋಗಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕ್ರಿ ನಿಮಗ?" ಎಂದು ಹೆಡ್ ಕಾನ್‌ಸ್ಟೇಬಲ್ ಚಪ್ಪರದಿಂದ ಕೂಗಿದರು. ಅವರು ವಿಜಯಪುರದ ಕಡೆಯವರು. ನಿವೃತ್ತಿಗೆ ಹತ್ತಿರವಿದ್ದ, ಮಂಡಿ ನೋವಿನ ಮನುಷ್ಯ.

"ಇಲ್ ಬನ್ನಿ, ಕಾಣಿ," ಎಂದೆ.

ಬೂಟಿನೊಳಗೆ ಹೊಯ್ಗೆ ತುಂಬಿಸಿಕೊಳ್ಳುತ್ತಾ ಬಂದರು. ಗೆರೆ ತೋರಿಸಿದೆ. ಆಮೆ ಎಂದೆ. ಅವರು ನಂಬಲಿಲ್ಲ. "ಇಷ್ಟ ದೊಡ್ಡ ಆಮೆ ಇರ್ತಾವೇನ್ರಿ?" ಎಂದು ಎರಡೂ ತೋಳು ಅಗಲಿಸಿ ಗೆರೆಯ ಮೇಲೆ ಹಿಡಿದು ನೋಡಿದರು. ಮತ್ತೆ ಟೋಪಿ ತೆಗೆದು, "ತಾಯವ್ವಾ," ಎಂದು ಕೈ ಮುಗಿದರು. ಅವರೇ ಅರಣ್ಯ ಇಲಾಖೆಗೆ ಫೋನು ಮಾಡಿದರು.

ಅದೇ ದಿನ ತೆಂಕಕೇರಿಯವರ ರಸ್ತೆತಡೆ. ಹೆದ್ದಾರಿಯ ಮೇಲೆ ಟಯರು ಸುಟ್ಟು ಕೂತಿದ್ದರು, ನನ್ನ ಗಂಡ ಮುಂದಿನ ಸಾಲಿನಲ್ಲಿ. ಅರಣ್ಯ ಇಲಾಖೆಯ ಜೀಪು ಅಲ್ಲೇ ಸಿಕ್ಕಿಹಾಕಿಕೊಂಡು ಹಿಂದಕ್ಕೆ ಹೋಯಿತು. ಮರುದಿನ ಸಂಜೆ ಗಾರ್ಡ್ ಒಬ್ಬಳು ಒಳದಾರಿಯಲ್ಲಿ ಸ್ಕೂಟರಿನಲ್ಲಿ ಬಂದಳು. ಕುಂದಾಪುರದವಳೇ, ನನಗಿಂತ ಸ್ವಲ್ಪ ಸಣ್ಣವಳು.

"ನಿನ್ನೆಯೇ ಆಗಿದ್ರೆ ಮೊಟ್ಟಿ ತೆಗ್ದ್ ಬೇರೆ ಕಡಿಗೆ ಇಡ್ಲಕ್ಕಿತ್ತ್ ಅಕ್ಕ," ಎಂದಳು. "ಇನ್ ಮುಟ್ಟುಕಾಗ. ಒಳಗೆ ಮರಿ ಕೂಡ್ಕಂತಿತ್ತ್. ಅಲ್ಗಾಡ್ಸ್ರೆ ಸಾಯ್ತೊ. ಇಲ್ಲೇ ಇರ್ಕ್."

"ಎಷ್ಟ್ ದಿನ?"

"ಒಂದೂವರೆ ತಿಂಗ್ಳ್, ಎರಡ್ ತಿಂಗ್ಳ್. ಬಿಸ್ಲ್ ಕಂಡ್ಕಂಡ್."

ಅವಳು ಗೂಡಿನ ಸುತ್ತ ಹಸಿರು ನೆಟ್ ಕಟ್ಟಿದಳು. ಅವಳೊಬ್ಬಳಿಗೇ ಗಂಗೊಳ್ಳಿಯಿಂದ ಬೈಂದೂರಿನ ತನಕದ ಕರಾವಳಿ. ಹೊರಡುವಾಗ ನನ್ನ ಮುಖ ನೋಡಿ, "ನೀವ್ ಒಂಚೂರ್ ಕಾಂತ್ರಿಯಾ ಅಕ್ಕ?" ಎಂದಳು. ನೋಡಿಕೊಳ್ಳುತ್ತೇನೆ ಎಂದೆ. ಅಷ್ಟೇ. ದೊಡ್ಡ ಶಪಥವೇನೂ ಮಾಡಲಿಲ್ಲ.

ಮನೆಗೆ ಬಂದಾಗ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಗಂಡ ಊಟದ ಬಟ್ಟಲು ಮುಂದೆ ಇಟ್ಟುಕೊಂಡು ಉಣ್ಣದೆ ಕಾಯುತ್ತಿದ್ದರು.

"ನಿಂಗ್ ಮರ್ಲಾ?" ಎಂದರು. "ಕಲ್ಲ್ ಬಪ್ಪ ಹೊತ್ತಿಗೆ ಆಮಿ ಅಂದೇಳಿ ಫೋನ್ ಮಾಡ್ಸಿದ್ಯಲೆ! ಇನ್ ಆ ಫಾರೆಸ್ಟಿನರ್ ಅಡ್ಡ ಬಂದ್ರೆ?"

"ಬಂದ್ರೆ ಆ ಒಂದ್ ಜಾಗ ಬಿಟ್ಟ್ ಹಾಕಿ. ಮರಿ ಹೋದ್ಮೇಲೆ ಅಲ್ಲಿಗೂ ಹಾಕಿ."

"ಇದೆಲ್ಲ ನಿನ್ ಅಣ್ಣ ಹೇಳಿ ಕೊಟ್ಟದ್."

"ನನ್ ಅಣ್ಣನ್ ಹತ್ರ ನಾ ಮಾತಾಡ್ದೆ ಎಷ್ಟ್ ದಿನ ಆಯ್ತ್ ಅಂದೇಳಿ ನಿಮ್ಗೆ ಗೊತ್ತಿತ್ತ್," ಎಂದೆ. "ಹಿಂದೆ ತಿರ್ಗಿ ಕಾಣಿ. ಆ ಬಿರುಕು ನನ್ ಒಲಿ ಬುಡ್ದಲ್ಲೇ ಇಪ್ಪುದ್. ಕಲ್ಲ್ ನಿಮ್ಗಿಂತ ಹೆಚ್ಚ್ ನಂಗ್ ಬೇಕ್."

ಅವರು ಬಟ್ಟಲು ತಳ್ಳಿ ಎದ್ದರು. ಗೋಡೆಯ ಬದಿಯಲ್ಲಿ ಕೂತಿದ್ದ ಅತ್ತೆ ಬಟ್ಟಲು ಮುಚ್ಚಿಟ್ಟರು. ಅತ್ತೆ ಮಾತು ಕಡಿಮೆಯವರು; ಮಾತಾಡಿದರೆ ಕೇರಿಗೆ ಕೇಳುತ್ತದೆ.

ಅಣ್ಣ ಸಿಕ್ಕಿದ್ದು ಗಂಗೊಳ್ಳಿಯಲ್ಲಿ, ಐಸ್ ಪ್ಲಾಂಟಿನ ಎದುರು. ನಾನು ಸಿಗಡಿ ಬುಟ್ಟಿ ಟೆಂಪೋಗೆ ಏರಿಸುತ್ತಿದ್ದೆ. ಅವನೇ ಹತ್ತಿರ ಬಂದ. ಕೈಗೆ ಇನ್ನೂ ಪಟ್ಟಿ ಇತ್ತು. ಜಗಳದ ನಂತರ ಅದೇ ಮೊದಲ ಮಾತು.

"ತಂಗಿ, ಭಾರಿ ಒಳ್ಳೆ ಕೆಲ್ಸ ಮಾಡ್ದೆ," ಎಂದ. "ಆ ಆಮಿ ದೇವ್ರೇ ಕಳ್ಸದ್. ಇನ್ ಕಲ್ಲ್ ಹಾಕುಕೆ ಯಾರಿಗೂ ಆತಿಲ್ಲೆ. ನಾಡಿದ್ ಟಿವಿಯರ್ ಬತ್ರ್. ಕಲ್ಲ್ ಬೇಡ ಅಂದೇಳಿ ನೀ ಒಂದ್ ಮಾತ್ ಹೇಳ್ರೆ ಸಾಕ್."

"ನಿನ್ ಕೈ ಹ್ಯಾಂಗಿತ್ತ್?"

"ಅಡ್ಡಿಲ್ಲೆ. ಹೇಳ್ತ್ಯಲೆ?"

"ಹೇಳ್ತಿಲ್ಲೆ ಅಣ್ಣಯ್ಯ. ಕಲ್ಲ್ ನಂಗ್ ಬೇಕ್. ನನ್ ಮನಿ ಗೋಡಿ ಬೀಳುಕಾಯ್ತ್."

ಅವನ ಮುಖ ಗಂಟಾಯಿತು. "ಹಂಗಾರೆ ನೀ ಯಾರ್ ಬದಿ?"

"ನಾ ಎಂತ ಕಬಡ್ಡಿ ಆಡುಕೆ ಬಂದದಾ ಬದಿ ಹಿಡುಕೆ? ಮರಿ ನೀರಿಗ್ ಹೋಪತನ್ಕ ಆ ಗೂಡಿನ ಮೇಲೆ ಯಾರೂ ಕಾಲ್ ಇಡುಕಾಗ. ನೀನೂ ಇಡುಕಾಗ, ಅವ್ರೂ ಇಡುಕಾಗ."

ಅವನು ಚಹಾ ಕೂಡ ಕುಡಿಸದೆ ಹೋದ. ಆದರೆ ಬಿಡಲಿಲ್ಲ. ಎರಡೇ ದಿನದಲ್ಲಿ ಬಡಗಕೇರಿಯ ಕಡೆಯ ಹಗ್ಗಕ್ಕೆ ಒಂದು ದೊಡ್ಡ ಬ್ಯಾನರು ಕಟ್ಟಿದರು. ಬ್ಯಾನರಿನ ತುಂಬ ನಗುತ್ತಿರುವ ಆಮೆ. "ಕಡಲಾಮೆ ಉಳಿಸಿ, ಕಲ್ಲುಗೋಡೆ ನಿಲ್ಲಿಸಿ." ಹಿಂದಿನ ಮಳೆಗಾಲದ ತನಕ ಬಲೆಗೆ ಆಮೆ ಸಿಕ್ಕಿದರೆ ಬಲೆ ಹರಿಯಿತಲ್ಲ ಎಂದು ಬೈಯುತ್ತಿದ್ದವರೇ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ನಾನು ಅವರೆಲ್ಲ ನೋಡುತ್ತಿದ್ದ ಹಾಗೆಯೇ ಹೋಗಿ, ನಾಲ್ಕೂ ಮೂಲೆಯ ಗಂಟು ಬಿಚ್ಚಿ, ಬ್ಯಾನರು ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ. ಅಣ್ಣ ಚಪ್ಪರದಿಂದ, "ಹ್ವಾಯ್, ಅದ್ ನಮ್ದ್!" ಎಂದು ಕೂಗಿದ. "ಆಮಿ ನಿಮ್ದಲ್ಲ," ಎಂದು ನಾನೂ ಕೂಗಿದೆ. ಬ್ಯಾನರು ಒಳ್ಳೆಯ ದಪ್ಪದ್ದಿತ್ತು. ಇಬ್ಬನಿ ಬೀಳದ ಹಾಗೆ ಒಣಮೀನಿನ ಮೇಲೆ ಹೊದೆಸಲು ಬಹಳ ದಿನ ಬಾಳಿಕೆ ಬಂತು.

ಆಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಹಸಿರು ನೆಟ್ ಕಿತ್ತು ಎಸೆದಿದ್ದರು. ಗೂಡಿನ ಹತ್ತಿರ ಯಾರೋ ಕೋಲಿನಿಂದ ಚುಚ್ಚಿ ಚುಚ್ಚಿ ನೋಡಿದ್ದರು. ಸರಿಯಾದ ಜಾಗ ಅವರಿಗೆ ಸಿಕ್ಕಿರಲಿಲ್ಲ. ನೆಟ್ ಇಲ್ಲದ್ದರಿಂದ ನಾಯಿ ಬಂದು ಒಂದು ಬದಿ ಕೆದರಿತ್ತು. ಹರಿದ ಸಿಪ್ಪೆ, ಹಳದಿ ಲೋಳೆ, ಅದರ ಮೇಲೆ ಇರುವೆ. ನಾನು ಕೂತು ಕೈಯಲ್ಲೇ ಹೊಯ್ಗೆ ಮುಚ್ಚಿದೆ. ಯಾರು ಮಾಡಿದರೆಂದು ತಿಳಿಯಲೇ ಇಲ್ಲ. ನಮ್ಮ ಕೇರಿಯವರೆಂದು ಬಡಗಕೇರಿಯವರು, ನಮ್ಮ ಹೆಸರು ಕೆಡಿಸಲು ಅವರೇ ಮಾಡಿದ್ದೆಂದು ನಮ್ಮವರು. ಅಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಬಂದದ್ದು ಕಡಿಮೆ. ನನ್ನ ಗಂಡನ ತಲೆ ಒಡೆದಾಗಲೂ ಅಳು ಬಂದಿತ್ತು, ಸಿಟ್ಟು ಬಂದಿರಲಿಲ್ಲ. ಗಂಡಸರು ತಾವು ತಾವು ಹೊಡೆದುಕೊಂಡದ್ದು. ಈ ಆಮೆಗೆ ಜಗಳವೇ ಗೊತ್ತಿಲ್ಲ.

ಅವತ್ತೇ ಮಧ್ಯಾಹ್ನ ತಟ್ಟಿ, ಟಾರ್ಪಾಲು, ಸಿಗಡಿ ಬುಟ್ಟಿ ಎಲ್ಲ ಹೊತ್ತುಕೊಂಡು ಹೋಗಿ ಹಗ್ಗದ ಒಳಗೆ, ಗೂಡಿನ ಪಕ್ಕದಲ್ಲೇ ನನ್ನ ಮೀನು ಹರಡಿದೆ. ಕೊಡೆ ಬಿಚ್ಚಿ ಕೂತೆ.

ಹೆಡ್ ಕಾನ್‌ಸ್ಟೇಬಲ್ ಓಡಿಬಂದರು. "ಏನ್ರಿ ಅಮ್ಮಾರ ಇದು? ಏಳ್ರಿ, ಏಳ್ರಿ. ಆರ್ಡರ್ ಐತಿ."

"ಎಂತ ಆರ್ಡರ್?"

"ಐದ ಮಂದಿ ಕೂಡಂಗಿಲ್ಲ ಅಂತ."

"ನಾ ಒಬ್ಳೇ ಅಲ್ದಾ?"

ಅವರು ಚಪ್ಪರಕ್ಕೆ ಹೋಗಿ ಯಾರಿಗೋ ಫೋನು ಮಾಡಿದರು, ಬಹಳ ಹೊತ್ತು ಮಾತಾಡಿದರು. ತಿರುಗಿ ಬಂದು, "ಹಗ್ಗದ ಒಳಗ ಬರಬಾರದು ಅಂತನೂ ಐತ್ರಿ," ಎಂದರು, ಅಷ್ಟೇನೂ ಗಟ್ಟಿಯಾಗಿ ಅಲ್ಲ.

"ಹಂಗಾರೆ ನನ್ನ ಎತ್ಕಂಡ್ ಹೋಯ್ನಿ," ಎಂದೆ. ಅವರು ತಮ್ಮ ಮಂಡಿ ನೋಡಿಕೊಂಡರು, ನನ್ನನ್ನೂ ನೋಡಿದರು. ನಾನು ಸಣಕಲಿಯಲ್ಲ. ಸಂಜೆ ಅವರ ಚಪ್ಪರದಿಂದ ಒಂದು ಪ್ಲಾಸ್ಟಿಕ್ ಕುರ್ಚಿ ನನಗೆ ಬಂತು.

ಹಾಗೆ ದಿನವೂ ಕೂರತೊಡಗಿದೆ. ಬೆಳಿಗ್ಗೆ ಮೀನು ಹರಡುವುದರಿಂದ ಸಂಜೆ ಒಟ್ಟುಮಾಡುವ ತನಕ. ಕತ್ತಲಾದ ಮೇಲೆ ಹೆಡ್ ಕಾನ್‌ಸ್ಟೇಬಲ್ ನಾಯಿ ಓಡಿಸುತ್ತಿದ್ದರು. ಅದು ಅವರೇ ತೆಗೆದುಕೊಂಡ ಜವಾಬ್ದಾರಿ. ಕೇರಿಯಲ್ಲಿ ನನಗೆ ಹೆಸರು ಬಿತ್ತು: ಆಮಿ ಅಬ್ಬಿ. ನೀರಿಗೆ ಹೋದರೆ ಹೆಂಗಸರು ಕೊಡ ತಿರುಗಿಸಿಕೊಂಡರು. ಗಂಡ ಮನೆಯಲ್ಲಿ ಮಾತು ಬಿಟ್ಟರು. ಉಪ್ಪು ಬೇಕಾದರೆ ತಾಯಿಯ ಹತ್ತಿರ ಕೇಳುವರು, ತಾಯಿ ನನ್ನ ಹತ್ತಿರ ಕೇಳುವರು, ಉಪ್ಪಿನ ಡಬ್ಬಿ ನಮ್ಮ ಮೂವರ ನಡುವೆಯೇ ಇರುತ್ತಿತ್ತು.

ಒಂದು ಮಧ್ಯಾಹ್ನ ಹೊಯ್ಗೆಯಲ್ಲಿ ಯಾರೋ ಬರುವ ಹಾಗಾಯಿತು. ನೋಡಿದರೆ ಅತ್ತೆ. ಕೈಯಲ್ಲಿ ಗಂಜಿಯ ತಂಬಿಗೆ, ಉಪ್ಪಿನಕಾಯಿ. ಹಗ್ಗ ಎತ್ತಿ, ಬಗ್ಗಿ ಒಳಗೆ ಬಂದರು. ನಾನು ಉಣ್ಣುವ ತನಕ ಕೂತರು. ಉಂಡ ಮೇಲೂ ಏಳಲಿಲ್ಲ.

"ನೀವ್ ಹೋಯ್ನಿ ಅತ್ತೆ, ಬಿಸ್ಲ್ ಇತ್ತ್."

"ಬಿಸ್ಲ್ ನಿಂಗೂ ಇತ್ತಲೆ," ಎಂದರು. "ಮನಿಯಂಗೆ ಕೂಕಂಡ್ ಆ ಗಂಡ್ಸರ್ ಮೋರಿ ಕಾಂಬುಕಿಂತ ಇಲ್ ಅಡ್ಡಿಲ್ಲೆ."

ಮರುದಿನವೂ ಬಂದರು. ಅದನ್ನು ಬಡಗಕೇರಿಯಿಂದ ನೋಡಿದ ಅತ್ತಿಗೆ ಮೂರನೆಯ ದಿನ ಆ ಬದಿಯಿಂದ ಹಗ್ಗ ದಾಟಿ ಬಂದಳು. ನನ್ನ ಎದುರು ಬಂದು ನಿಂತಳು.

"ಬಿಸ್ಲ್ ಕಾಯ್ಸ್‌ಕಂಡ್ ನಿಂತ್ಕಂತ್ಯಾ, ಕೂಕಂತ್ಯಾ?" ಎಂದರು ಅತ್ತೆ.

ಅತ್ತಿಗೆ ಕೂತಳು. ಸೆರಗಿನಲ್ಲಿ ಕಟ್ಟಿ ತಂದಿದ್ದ ಎಲೆ ಅಡಿಕೆ ಬಿಚ್ಚಿದಳು. ಮೊದಲು ಅತ್ತೆಗೆ ಕೊಟ್ಟಳು, ಆಮೇಲೆ ನನಗೆ. ಅಷ್ಟು ದಿನದ ಸುದ್ದಿ ಇಬ್ಬರಿಗೂ ಇತ್ತು. ಸಂಜೆಯ ತನಕ ಹೇಳಿಕೊಂಡರೂ ಮುಗಿಯಲಿಲ್ಲ. ಜಗಳದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಹೀಗೆ ಎರಡೂ ಕೇರಿಯಿಂದ ಹೆಂಗಸರು ಬರತೊಡಗಿದರು. ಎಲ್ಲರಿಗೂ ಆಮೆಯ ಮೇಲೆ ಪ್ರೀತಿ ಎಂದಲ್ಲ. ಕೆಲವರಿಗೆ ತಂಗಿ ಆಚೆ ಇದ್ದಳು, ಕೆಲವರಿಗೆ ಮಗಳು. ಹಗ್ಗದ ಒಳಗೆ ಬಂದರೆ ಮಾತಾಡಬಹುದಿತ್ತು, ಅಷ್ಟೇ. ಹೆಡ್ ಕಾನ್‌ಸ್ಟೇಬಲ್ ಪೀಕಲಾಟಕ್ಕೆ ಸಿಕ್ಕಿದರು. "ನಾಕಕ್ಕ ನಿಲ್ಲಸ್ರಿ ತಾಯಿ, ನಾಕಕ್ಕ. ಐದಾದ್ರ ನನ್ನ ನೌಕರಿ ಹೊಕ್ಕೈತಿ," ಎಂದು ಅಂಗಲಾಚುತ್ತಿದ್ದರು. ಅವರ ನೌಕರಿಗೋಸ್ಕರ ನಾವು ನಿಯಮ ಪಾಲಿಸಿದೆವು. ಐದನೆಯವಳು ಬಂದರೆ ಒಬ್ಬಳು ಎದ್ದು ಹೋಗುವಳು.

ಮಾರ್ಚಿನಲ್ಲಿ ಕಲ್ಲಿಗೆ ಮಂಜೂರಾತಿ ಸಿಕ್ಕಿತು. ಮಳೆಗಾಲದ ಮೊದಲು ಕೆಲಸ ಮುಗಿಸಬೇಕೆಂದು ಗುತ್ತಿಗೆದಾರರಿಗೆ ಅವಸರ. ಕೆಲಸದ ಶುರು ನಡುವಿನ ಹೊಯ್ಗೆಯಿಂದಲೇ ಎಂದರು, ಟಿಪ್ಪರ್ ಇಳಿಯಲು ಅಲ್ಲಿ ಸಲೀಸು. ಬೆಳಿಗ್ಗೆಯೇ ಹಗ್ಗ ಬಿಚ್ಚಿದರು. ಮೊದಲ ಟಿಪ್ಪರ್ ಬರುವಾಗ ತೆಂಕಕೇರಿಯವರು ಪಟಾಕಿ ಹೊಡೆದರು. ಬಡಗಕೇರಿಯವರು ದೋಣಿಚಪ್ಪರದ ಎದುರು ಗುಂಪುಗೂಡಿದರು. ನಡುವೆ ಪೊಲೀಸ್ ವ್ಯಾನು. ಗೂಡಿನ ಬಳಿ ನಾನು, ಅತ್ತೆ, ಅತ್ತಿಗೆ, ಮತ್ತೆ ಬಡಗಕೇರಿಯ ಇನ್ನೊಬ್ಬಳು.

ಟಿಪ್ಪರ್ ಹಿಮ್ಮುಖವಾಗಿ ಬರುತ್ತಾ ನಮ್ಮಿಂದ ಸ್ವಲ್ಪ ದೂರದಲ್ಲಿ ನಿಂತಿತು. ಎಂಜಿನಿಯರ್ ಕೆಳಗಿಳಿದು, ಇಲಾಖೆಯ ಕೆಲಸಕ್ಕೆ ಅಡ್ಡಿ ಮಾಡಬಾರದು ಎಂದರು.

"ಕಲ್ಲ್ ಬೇಡ ಅಂದೇಳಿ ನಾ ಹೇಳ್ತಿಲ್ಲೆ," ಎಂದೆ. ಎರಡೂ ಗುಂಪಿಗೆ ಕೇಳುವ ಹಾಗೆಯೇ ಹೇಳಿದೆ. "ಅಕಾಣಿ, ನನ್ ಮನಿ ಅಲ್ಲಿತ್ತ್. ಮೊದ್ಲ್ ಅಲ್ಲಿ ಹಾಕಿ. ತೆಂಕ್ ಕೊನಿಯಿಂದ ಶುರು ಮಾಡ್ಕಂಡ್ ಬನ್ನಿ. ಇಲ್ಲಿಗೆ ಬಪ್ಪತಿಗೆ ಮರಿ ಹೋಯಿರತ್ತೊ. ಈಗ ಇಲ್ ಹಾಕುದಾರೆ ನನ್ ಮೇಲೇ ಹಾಕಿ."

ಗಂಡ ಗುಂಪಿನಿಂದ ಮುಂದೆ ಬಂದರು. ಬಹಳ ದಿನದ ಮೇಲೆ ನನ್ನ ಜೊತೆ ನೇರವಾಗಿ ಮಾತಾಡಿದರು. "ಏಳ್ ಕಾಂಬ. ಊರ್ ಎದ್ರಿಗೆ ಮಾನ ತೆಗುದಾ?"

ನಾನು ಉತ್ತರ ಕೊಡುವ ಮೊದಲು ಅತ್ತೆ ಎದ್ದರು. "ನನ್ನೂ ಏಳ್ಸ್," ಎಂದರು ಮಗನಿಗೆ. "ಬಾ, ಕೈ ಹಿಡ್ದ್ ಎಳಿ. ಕಲ್ಲ್ ಅಡಿಗೆ ಮೊದ್ಲ್ ನಾ, ಮತ್ತೆ ನಿನ್ ಹೆಂಡ್ತಿ."

ಪಟಾಕಿ ನಿಂತಿತು. ಇನ್‌ಸ್ಪೆಕ್ಟರ್ ನಮ್ಮನ್ನು ಎತ್ತಿ ಬದಿಗೆ ಕಳಿಸಿ ಎಂದರು. ಎತ್ತಲು ಮಹಿಳಾ ಪೊಲೀಸರು ಬೇಕು. ಅವತ್ತು ಕೊಲ್ಲೂರಿನಲ್ಲಿ ಯಾರೋ ದೊಡ್ಡವರ ಭೇಟಿ, ಇದ್ದ ಮಹಿಳಾ ಪೊಲೀಸರೆಲ್ಲ ಅಲ್ಲಿಗೆ ಹೋಗಿದ್ದರು. ನಾವು ನಾಲ್ಕೇ ಜನ, ಐದಲ್ಲ. ಹೆಡ್ ಕಾನ್‌ಸ್ಟೇಬಲ್ ಅದನ್ನು ಸಾಹೇಬರಿಗೆ ವಿನಯದಿಂದ ತಿಳಿಸಿದರು. ಬಿಸಿಲು ಏರಿತು. ಟಿಪ್ಪರಿನ ಚಾಲಕ ಕೆಳಗಿಳಿದು ಬೀಡಿ ಹಚ್ಚಿದ. ಅಷ್ಟು ಹೊತ್ತಿಗೆ ಅರಣ್ಯ ಇಲಾಖೆಯ ಗಾರ್ಡ್ ತನ್ನ ಮೇಲಧಿಕಾರಿಯನ್ನು ಕರೆದುಕೊಂಡು ಬಂದಳು. ಅವರು ಎಂಜಿನಿಯರನ್ನು ಬದಿಗೆ ಕರೆದು ಮಾತಾಡಿದರು. ಟಿಪ್ಪರ್ ಕಲ್ಲು ಹೊತ್ತುಕೊಂಡೇ ಹಿಂದೆ ಹೋಯಿತು. ಮರುದಿನ ತೆಂಕಕೇರಿಯ ಕೊನೆಯಿಂದ ಕೆಲಸ ಶುರುವಾಯಿತು. ಅಲ್ಲಿಗೆ ದಾರಿ ಮಾಡಲು ನಮ್ಮದೇ ಅಂಗಳದ ಬೇಲಿ ಕಿತ್ತರು. ನಾನು ಬೇಡವೆನ್ನಲಿಲ್ಲ.

ಮರಿಗಳು ಹೊರಟದ್ದು ಒಂದು ಬೆಳಗಿನ ಜಾವ. ನಾನು ಬುಟ್ಟಿ ಹಿಡಿದು ಬರುವಾಗ ಗೂಡಿನ ನಡುವೆ ಹೊಯ್ಗೆ ಕುಸಿದು ಸಣ್ಣ ಗುಂಡಿಯಾಗಿತ್ತು. ಆ ಗುಂಡಿ ಕದಲುತ್ತಿತ್ತು. ಒಂದು ತಲೆ ಬಂತು, ಮತ್ತೊಂದು. ಆಮೇಲೆ ಪಾತ್ರೆಯಿಂದ ಹಾಲು ಉಕ್ಕಿದ ಹಾಗೆ ಒಟ್ಟಿಗೇ ಬಂದವು. ನನ್ನ ಹೆಬ್ಬೆರಳಿನಷ್ಟು ಉದ್ದದ, ಮಸಿಯಂಥ ಮರಿಗಳು. ಆದರೆ ಅವು ನೀರಿನ ಕಡೆ ಹೋಗಲಿಲ್ಲ. ಎಲ್ಲ ತಿರುಗಿ ಹೈಮಾಸ್ಟ್ ದೀಪದ ಕಡೆ ಓಡತೊಡಗಿದವು. ಆ ದೀಪದ ಬೆಳಕೇ ಕಡಲೆಂದು ತಿಳಿದವು. ದೀಪದಾಚೆ ರಸ್ತೆ, ನಾಯಿ.

"ಲೈಟ್ ಆಫ್ ಮಾಡಿ!" ಎಂದು ಕಿರುಚಿದೆ. ಹೆಡ್ ಕಾನ್‌ಸ್ಟೇಬಲ್ ಎದ್ದು ಕಂಬದ ಸುತ್ತ ತಡಕಾಡಿದರು, ಸ್ವಿಚ್ಚು ಅಲ್ಲಿರಲಿಲ್ಲ. ನಾನು ಸೆರಗು ಹರಡಿ ಮರಿಗಳಿಗೆ ಅಡ್ಡ ಕೂತು, ಕೇರಿಯ ಕಡೆ ತಿರುಗಿ ಗಂಡನನ್ನು ಕೂಗಿದೆ. "ಹ್ವಾಯ್! ಹ್ವಾಯ್! ಲೈಟ್!" ಎಂದು ಗಂಟಲು ಹರಿಯುವ ಹಾಗೆ. ಬರುವರೆಂಬ ನಂಬಿಕೆಯಿಂದ ಕೂಗಿದ್ದಲ್ಲ. ಬಾಯಿಗೆ ಬಂದದ್ದು ಅವರೇ.

ದೀಪ ಆರಿತು. ದೀಪದ ಜೊತೆಗೆ ಇಡೀ ತೆಂಕಕೇರಿಯೇ ಕತ್ತಲಾಯಿತು. ಕಂಬದ ಫ್ಯೂಸನ್ನೇ ಕಿತ್ತಿದ್ದರು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ನೀರಿನ ಮೇಲಿನ ಮಂದ ಬೆಳಕು ಕಂಡಿತು. ಮರಿಗಳಿಗೂ ಕಂಡಿರಬೇಕು, ಒಂದೊಂದಾಗಿ ತಿರುಗಿದವು. ಅತ್ತಿಗೆ ಓಡಿಬಂದಿದ್ದಳು, ಆಚೆಯಿಂದ ಇನ್ನೂ ಯಾರು ಯಾರೋ. ಬೆಳಕು ಹರಿಯುತ್ತಿದ್ದ ಹಾಗೆ ಕಾಗೆಗಳು ಇಳಿದವು. ನಾವು ಬುಟ್ಟಿ, ಸೆರಗು, ಚಪ್ಪಲಿ ಸಿಕ್ಕಿದ್ದನ್ನೆಲ್ಲ ಬೀಸಿ ಓಡಿಸಿದೆವು. ಅವತ್ತು ಐದಕ್ಕಿಂತ ಎಷ್ಟೋ ಹೆಚ್ಚು ಜನ ಇದ್ದರು. ಹೆಡ್ ಕಾನ್‌ಸ್ಟೇಬಲ್ ಎಣಿಸಲು ಹೋಗಲಿಲ್ಲ. ಬೂಟು ಕಳಚಿ, ಪ್ಯಾಂಟು ಮಡಚಿ, ದಾರಿ ತಪ್ಪಿದ ಮರಿಗಳನ್ನು ಟೋಪಿಯಲ್ಲಿ ತುಂಬಿ ತರುತ್ತಿದ್ದರು. ಕೆಲವನ್ನು ಕಾಗೆ ಒಯ್ದಿತು. ಒಡೆಯದ ಮೊಟ್ಟೆಗಳೂ ಒಳಗೆ ಉಳಿದವು. ಮಿಕ್ಕ ಮರಿಗಳೆಲ್ಲ ನೀರು ಸೇರಿದವು.

ಮನೆಗೆ ಬಂದಾಗ ಗಂಡ ಜಗಲಿಯಲ್ಲಿ ಕೂತಿದ್ದರು. ಫ್ಯೂಸು ಕೀಳುವಾಗ ಬೆರಳು ಸುಟ್ಟುಕೊಂಡಿದ್ದರು.

"ಹೋದ್ವಾ?" ಎಂದರು.

"ಹೋದೊ."

"ಆಮಿಗಂದೇಳಿ ತೆಗ್ದದ್ದಲ್ಲ. ನೀ ಕೂಗುದ್ ಕೇಂಡ್ ಕೇರಿಯೆಲ್ಲ ಏಳ್ತಿತ್ತ್," ಎಂದರು.

ನಾನು ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಬೇಡ ಎನ್ನಲಿಲ್ಲ.

ಮಳೆಗಾಲದೊಳಗೆ ತೆಂಕಕೇರಿಗೆ ಕಲ್ಲಾಯಿತು. ನಮ್ಮ ಅಡುಗೆಕೋಣೆ ಉಳಿಯಿತು, ಗೋಡೆಗೆ ಸಿಮೆಂಟು ಮೆತ್ತಿದೆವು. ಹಣ ಮುಗಿದು ನಡುವಿನ ಹೊಯ್ಗೆಗೆ ಕಲ್ಲು ಬರಲೇ ಇಲ್ಲ. ಬಡಗಕೇರಿಯವರು ಹೇಳಿದ್ದೂ ನಿಜವಾಯಿತು: ಕಲ್ಲಿಗೆ ಬಡಿದ ಕಡಲು ಬಡಗಕ್ಕೆ ತಿರುಗಿ ಎರಡು ದೋಣಿಚಪ್ಪರ ನುಂಗಿತು. ಈಗ ಕಲ್ಲು ಬೇಕೆಂದು ಅವರೇ ಅರ್ಜಿ ಕೊಟ್ಟಿದ್ದಾರೆ. ಕೇಸುಗಳು ಇನ್ನೂ ನಡೆಯುತ್ತಿವೆ. ಕೋರ್ಟಿಗೆ ಕುಂದಾಪುರಕ್ಕೆ ಹೋಗುವಾಗ ನನ್ನ ಗಂಡ, ನನ್ನ ಅಣ್ಣ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ, ಬೇರೆ ಬೇರೆ ಸೀಟಿನಲ್ಲಿ.

ಹೋದ ತಿಂಗಳು ಬಡಗಕೇರಿಯ ಕಲ್ಲಿನ ವಿಚಾರಕ್ಕೆ ಪಂಚಾಯತಿಯಲ್ಲಿ ಸಭೆ ಕರೆದಿದ್ದರು. ಎರಡೂ ಕೇರಿಯವರು ಬಂದಿದ್ದರು, ಹೆಂಗಸರಿಗೆ ಹಿಂದೆ ಬೆಂಚು. ಎಂಜಿನಿಯರ್ ನಕ್ಷೆ ತೋರಿಸಿ, ಚಳಿಗಾಲದಲ್ಲೇ ಕೆಲಸ ಶುರುಮಾಡುತ್ತೇವೆ ಎಂದರು. ನಾನು ಎದ್ದು ನಿಂತೆ. ಆಮೆ ಮೊಟ್ಟೆಯಿಡುವ ತಿಂಗಳು ಅವು, ಮೊದಲು ಹೊಯ್ಗೆ ನೋಡಿ, ಗೂಡಿದ್ದರೆ ಆ ಜಾಗ ಕೊನೆಗೆ ಇಟ್ಟುಕೊಳ್ಳಿ ಎಂದೆ. ಮುಂದಿನ ಸಾಲಿನಲ್ಲಿ ಯಾರೋ "ಆಮಿ ಅಬ್ಬಿ ಬಂದ್ಲ್" ಎಂದು ನಕ್ಕರು. ಸಭೆಯೂ ನಕ್ಕಿತು. ಎಂಜಿನಿಯರ್ ನಗುತ್ತಲೇ, "ಆಯ್ತಮ್ಮ, ನೋಡೋಣ, ಕೂತ್ಕೊಳ್ಳಿ," ಎಂದರು.

"ನೋಡೋಣ ಅಂದ್ರೆ ಆತಿಲ್ಲೆ. ಬರ್ಕಣಿ," ಎಂದೆ.

ಅಧ್ಯಕ್ಷರು ಕೂತುಕೊಳ್ಳಿ ಎಂದರು. ಅಣ್ಣ ತಿರುಗಿ ನೋಡಿ ಕಣ್ಣು ಬಿಟ್ಟ. ಗಂಡ ತಲೆ ತಗ್ಗಿಸಿದರು. ಪಕ್ಕದಲ್ಲಿದ್ದ ಅತ್ತಿಗೆಯೂ ಎದ್ದು ನಿಂತಳು. ಎಂಜಿನಿಯರ್ ಪೆನ್ನು ತೆಗೆದು ಬರೆಯುವ ತನಕ ನಾವು ಕೂರಲಿಲ್ಲ.